ಕೀನ್ಯಾಕ್ಕೆ ಮಿಷನ್ ಕೆಲಸಕ್ಕೆ ಹೊರಟಿದ್ದೇನೆ, ತಯಾರಿಯಲ್ಲೇ ಸುಸ್ತಾಗಿದೆ. ಯಾವುದನ್ನು ಬಿಡಲಿ?

ಹೊಸನಗರದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಊರು ಹೊಸನಗರದ ಕಡೆ, ಇಲ್ಲಿ ವಿನೋಬನಗರದಲ್ಲಿ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿದ್ದೇನೆ. ಸಿಎಸ್ಐ, ಅಂದರೆ ದಕ್ಷಿಣ ಭಾರತ ಕ್ರೈಸ್ತ ಸಭೆಯವಳು. ಮುಂದಿನ ವರ್ಷ ಕೀನ್ಯಾದ ಕಿಸುಮು ಹತ್ತಿರದ ಒಂದು ಮಿಷನ್ ಕ್ಲಿನಿಕ್‌ಗೆ ಎರಡು ವರ್ಷದ ಮಟ್ಟಿಗೆ ಹೋಗುವುದು ಅಂತ ತೀರ್ಮಾನ ಆಗಿದೆ.

ಕಳಿಸುವ ಸಂಸ್ಥೆಯವರು ಒಂದು ಪಟ್ಟಿ ಕೊಟ್ಟಿದ್ದಾರೆ. ಬೈಬಲ್ ಪೂರ್ತಿ ಓದಬೇಕು, ದಿನಾ ಸ್ವಾಹಿಲಿ ಕಲಿಯಬೇಕು, ಮೈ ಗಟ್ಟಿ ಮಾಡಿಕೊಳ್ಳಬೇಕು, ಗಾಡಿ ಓಡಿಸಲು ಬರಬೇಕು, ಅಡುಗೆ ಬರಬೇಕು, ಜನರ ಮುಂದೆ ನಿಂತು ಸಾಕ್ಷಿ (ನನ್ನ ನಂಬಿಕೆಯ ಅನುಭವ) ಹೇಳಲು ಬರಬೇಕು, ಬೆಂಬಲ ಕೊಡುವವರನ್ನು ಹುಡುಕಿ ಅವರಿಗೆ ಪ್ರತಿ ತಿಂಗಳು ಪ್ರಾರ್ಥನಾ ಪತ್ರ ಬರೆಯಬೇಕು. ಓದುವಾಗ ಎಲ್ಲ ಸರಿ ಅನ್ನಿಸುತ್ತದೆ. ಮಾಡಲು ಹೋದರೆ ದಿನ ಸಾಲಲ್ಲ.

ಬೆಳಗ್ಗೆ ಐದಕ್ಕೆ ಏಳುತ್ತೇನೆ. ಬೈಬಲ್, ಪ್ರಾರ್ಥನೆ, ಆಮೇಲೆ ಫೋನಿನಲ್ಲಿ ಸ್ವಾಹಿಲಿ. ಏಳೂವರೆಗೆ ಡ್ಯೂಟಿ. ಹ್ಯಾಂಡ್‌ಓವರ್ ಕೊಟ್ಟು ಹೊರಗೆ ಬರುವಾಗ ನಾಲ್ಕೂವರೆ ಆಗಿರುತ್ತದೆ. ಬುಧವಾರ ಮನೆ ಪ್ರಾರ್ಥನೆ, ಶುಕ್ರವಾರ ಉಪವಾಸ ಪ್ರಾರ್ಥನೆ, ಶನಿವಾರ ಕ್ವಾಯರ್, ಭಾನುವಾರ ಸಂಡೇ ಸ್ಕೂಲ್. ನೈಟ್ ಡ್ಯೂಟಿ ಬಿದ್ದ ವಾರ ಇದೆಲ್ಲ ತಲೆಕೆಳಗು. ಮೊನ್ನೆ ನೈಟ್ ಮುಗಿಸಿ ಬಂದು ಬೈಬಲ್ ತೆಗೆದು ಕೂತವಳು ಹಾಗೇ ಮಲಗಿಬಿಟ್ಟಿದ್ದೆ, ಎದ್ದು ನೋಡಿದರೆ ಯೋಬನ ಪುಸ್ತಕದ ಮೇಲೆಲ್ಲ ಜೊಲ್ಲು.

ಇನ್ನೊಂದು ವಿಷಯ. ಹೊರಡುತ್ತೇನೆ ಅಂತ ಗೊತ್ತಾದ ಮೇಲೆ ಸಭೆಯಲ್ಲಿ ನನಗೆ ಎಲ್ಲಿಲ್ಲದ ಬೇಡಿಕೆ. ಯಾರ ಮನೆಯಲ್ಲಿ ಪ್ರಾರ್ಥನೆ ಇದ್ದರೂ "ನಮ್ಮ ಮಿಷನರಿ ಎರಡು ಮಾತು ಹೇಳಲಿ" ಅಂತಾರೆ. ಇನ್ನೂ ಹೋಗಿಯೇ ಇಲ್ಲ, ಹೇಳುವುದಾದರೂ ಏನನ್ನು? ಮನೆಯಲ್ಲಿ ಅಪ್ಪ ಸರಿಯಾಗಿ ಮಾತಾಡುತ್ತಿಲ್ಲ. ಅಮ್ಮನ ಮಾತು ಎಲ್ಲಿಂದ ಶುರುವಾದರೂ ನನ್ನ ಮದುವೆಗೇ ಬಂದು ನಿಲ್ಲುತ್ತದೆ.

ಹೋಗಿ ಬಂದವರು, ಹೊರಟಿರುವವರು ಯಾರಾದರೂ ಇದ್ದರೆ ಹೇಳಿ. ಇದರಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಯಾವುದು, ಕಣ್ಣು ಮುಚ್ಚಿ ಬಿಡಬಹುದಾದ್ದು ಯಾವುದು? ಡ್ಯೂಟಿಯನ್ನೇ ಬಿಟ್ಟು ತಯಾರಿಗೆ ಕೂರಲಾ ಅಂತಲೂ ಯೋಚನೆ ಇದೆ.

ಸಾಗರದಣ್ಣ:

ತಂಗಿ ಅಂತ ಕರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ಮೊದಲನೇ ಮಾತು, ಡ್ಯೂಟಿ ಬಿಡಬೇಡ. ನಿನ್ನ ಪಟ್ಟಿಯಲ್ಲಿ ಇಲ್ಲದ, ಆದರೆ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವ ತಯಾರಿ ಅದೇ. ನಾನು ಕಿಸುಮು ಕಡೆಯ ಒಂದು ಶಾಲೆಯಲ್ಲಿ ವೆಲ್ಡಿಂಗ್ ಕಲಿಸುತ್ತಿದ್ದೆ. ಅಲ್ಲಿಗೆ ಬರುವ ಹೊರಗಿನ ಹುಡುಗ ಹುಡುಗಿಯರಲ್ಲಿ ಯಾರು ನಿಲ್ಲುತ್ತಾರೆ, ಯಾರು ನಾಲ್ಕು ತಿಂಗಳಿಗೆ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಹೋಗುತ್ತಾರೆ ಅಂತ ನೋಡಿದ್ದೇನೆ. ಕೈಯಲ್ಲಿ ಒಂದು ಕೆಲಸ ಇದ್ದವರು ನಿಲ್ಲುತ್ತಾರೆ. ಬರೀ ಉಪದೇಶ ಮಾಡಲು ಬಂದವರಿಗೆ ಸೋಮವಾರದಿಂದ ಶನಿವಾರದವರೆಗೆ ಏನು ಮಾಡುವುದು ಅಂತಲೇ ಗೊತ್ತಾಗಲ್ಲ.

ಭಾಷೆ ವಿಷಯ. ಸ್ವಾಹಿಲಿ ಖಂಡಿತ ಕಲಿ, ಆದರೆ ಕಿಸುಮು ಲುವೋ ಜನರ ಸೀಮೆ ಅನ್ನುವುದು ನೆನಪಿರಲಿ. ಹಳ್ಳಿಯಿಂದ ಬರುವ ಅಜ್ಜಿಯರು ಮಾತಾಡುವುದು ಲುವೋ. ಅದನ್ನು ಇಲ್ಲಿ ಕೂತು ಕಲಿಯಲು ಆಗಲ್ಲ, ಅಲ್ಲಿಗೆ ಹೋದ ಮೇಲೆ ಅವರ ಬಾಯಿಂದಲೇ ಕಲಿ. ಸ್ವಾಹಿಲಿಯಲ್ಲಿ ಆ್ಯಪ್ ಹೇಳಿಕೊಡುವ "ಸೇಬು ಕೆಂಪಗಿದೆ" ಎಲ್ಲ ಬಿಟ್ಟುಬಿಡು. ಎಲ್ಲಿ ನೋವು, ಯಾವಾಗಿನಿಂದ ಜ್ವರ, ವಾಂತಿ ಆಯ್ತಾ, ಮಗು ಹಾಲು ಕುಡೀತಾ ಇದೆಯಾ, ಹೀಗೆ ನೀನು ವಾರ್ಡಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆಗಳನ್ನು ಮೊದಲು ಬಾಯಿಪಾಠ ಮಾಡು. ಪೇಷಂಟ್ ಹತ್ತಿರ ಕನ್ನಡದಲ್ಲಿ ಕೇಳಿದ ಕೂಡಲೇ ಮನಸ್ಸಿನಲ್ಲೇ ಸ್ವಾಹಿಲಿಯಲ್ಲೂ ಒಂದು ಸಲ ಕೇಳಿಕೋ. ಬೆಳಗಿನ ಜಾವದ ಕ್ಲಾಸ್ ಆಗ ಬೇಕಾಗೇ ಇಲ್ಲ, ನಿದ್ದೆ ಮಾಡು.

ನರ್ಸ್ ಅಂದಿದ್ದಕ್ಕೆ ಇದನ್ನು ಒತ್ತಿ ಹೇಳುತ್ತೇನೆ. ಸ್ವಾಹಿಲಿಯಲ್ಲಿ ಗಂಟೆಯ ಲೆಕ್ಕ ಬೆಳಕು ಹರಿದಲ್ಲಿಂದ ಶುರು. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಸರಿಯಾಗಿ ಆರು ಗಂಟೆ ವ್ಯತ್ಯಾಸ. ಇಂಗ್ಲಿಷಿನಲ್ಲಿ ಮಾತಾಡುವಾಗ ಅವರೇ ನಮ್ಮ ಲೆಕ್ಕಕ್ಕೆ ಬರುತ್ತಾರೆ, ಸ್ವಾಹಿಲಿಗೆ ಹೊರಳಿದ ಕೂಡಲೇ ಗಂಟೆಯೂ ಹೊರಳುತ್ತದೆ. ಎಂಟು ಗಂಟೆಗೆ ಮಾತ್ರೆ ತಗೊಳ್ಳಿ ಅಂತ ಸ್ವಾಹಿಲಿಯಲ್ಲಿ ನೇರವಾಗಿ ಹೇಳಿದರೆ ಅವರು ಎರಡು ಗಂಟೆಗೆ ನುಂಗುತ್ತಾರೆ. ಡೋಸ್ ಹೇಳುವಾಗ ಹುಷಾರು.

ಊಟದ ಬಗ್ಗೆ ಹೆದರಬೇಡ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಪಕ್ಕಕ್ಕೆ ಸುಕುಮಾ ವೀಕಿ ಅನ್ನುವ ಸೊಪ್ಪು, ವಿಕ್ಟೋರಿಯಾ ಸರೋವರದ ಮೀನು. ನಾವು ಶಿಕಾರಿಪುರ, ಸೊರಬದ ಕಡೆ ಎಕರೆಗಟ್ಟಲೆ ಬೆಳೆದು ಕೋಳಿ ಆಹಾರಕ್ಕೆ ಲಾರಿ ತುಂಬಿಸುವುದನ್ನು ಅವರು ದಿನಾ ಊಟ ಮಾಡುತ್ತಾರೆ, ಅಷ್ಟೇ. ಚಹಾ ನಮ್ಮ ಹಾಗೇ ಹಾಲು ಹಾಕಿ ಕುದಿಸುತ್ತಾರೆ. ಅಡುಗೆ ಕ್ಲಾಸಿಗೆ ಹೋಗುವ ಬದಲು ಬೇರೆಯವರು ಬಡಿಸಿದ್ದನ್ನು ಮುಖ ಕಿವುಚದೆ ಉಣ್ಣುವುದನ್ನು ಕಲಿ. ಹುಳಿಪುಡಿ ಮಾತ್ರ ಎರಡು ಕೇಜಿ ಒಯ್ಯಿ, ಜ್ವರ ಬಂದ ದಿನ ನನ್ನನ್ನು ನೆನೆಯುತ್ತೀಯ.

ಗಾಡಿ ಕಲಿತರೆ ಒಳ್ಳೆಯದು, ಅಲ್ಲೂ ನಮ್ಮ ಥರ ಎಡಕ್ಕೇ ಓಡಿಸುವುದು. ಕರೆಂಟು, ನೆಟ್‌ವರ್ಕ್ ಇಲ್ಲದೆ ಇರುವ ತರಬೇತಿ ಹೊಸನಗರದವಳಿಗೆ ಬೇಕಾಗಿಲ್ಲ ಬಿಡು. ಇನ್ನು ಮನೆ ಮನೆಯಲ್ಲಿ ಎರಡು ಮಾತು ಹೇಳುವುದು, ಅದನ್ನು ಇವತ್ತೇ ಬಿಡು. ಹೋಗಿ ಬಂದ ಮೇಲೆ ಹೇಳುತ್ತೇನೆ ಅಂತ ಹೇಳು. ಯಾರೂ ಬೈಯಲ್ಲ.

ತೀರ್ಥಹಳ್ಳಿ ಡಾಕ್ಟ್ರು:

ನಾನು ಕ್ರೈಸ್ತನಲ್ಲ, ಆದರೂ ಸುಮ್ಮನಿರಲು ಆಗದೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ ಸಿಸ್ಟರ್. ಕೀನ್ಯಾದಲ್ಲಿ ಬಹುಪಾಲು ಜನ ಆಗಲೇ ಕ್ರೈಸ್ತರು. ಅಲ್ಲಿಗೆ ಮಿಷನರಿ ಯಾಕೆ ಬೇಕು? ಸೇವೆಯೇ ಮುಖ್ಯ ಅನ್ನುವುದಾದರೆ ನಮ್ಮಲ್ಲಿ ಏನು ಕಡಿಮೆ ಇದೆ? ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇವತ್ತಿಗೂ ಚಳಿಗಾಲ ಮುಗಿಯುತ್ತಾ ಬಂದ ಹಾಗೆ ದರಗು ತರಲು ಕಾಡಿಗೆ ಹೋದವರು ಉಣುಗು ಕಚ್ಚಿಸಿಕೊಂಡು ಜ್ವರ ಹಿಡಿದು ಬರುತ್ತಾರೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜನ ಸತ್ತಾಗ ಹಳ್ಳಿ ಹಳ್ಳಿ ತಿರುಗಿ ರಕ್ತ ತೆಗೆಯಲು, ಧೈರ್ಯ ಹೇಳಲು ನರ್ಸ್‌ಗಳೇ ಸಾಲುತ್ತಿರಲಿಲ್ಲ. ಮನೆ ಪಕ್ಕದ ಕೆಲಸಕ್ಕೆ ವಿಮಾನದ ಟಿಕೆಟ್ ಬೇಕಾಗಲ್ಲ, ಅದಕ್ಕೇ ಯಾರಿಗೂ ಬೇಡವೇನೋ ಅನ್ನಿಸುತ್ತದೆ.

ಹೊಸನಗರದ ಹುಡುಗಿ:

ಡಾಕ್ಟ್ರೇ, ಬೇಜಾರೇನಿಲ್ಲ. ಇದೇ ಪ್ರಶ್ನೆಯನ್ನು ಅಪ್ಪನೂ ಕೇಳಿದ್ದಾರೆ, ನಿಮ್ಮಷ್ಟು ಮರ್ಯಾದೆಯಿಂದ ಅಲ್ಲ ಅಷ್ಟೇ.

ಅಲ್ಲಿ ಕ್ರೈಸ್ತರು ಇದ್ದಾರೆ ಅನ್ನುವುದು ಗೊತ್ತು. ನನ್ನನ್ನು ಕರೆದಿರುವುದೇ ಅಲ್ಲಿನ ಸಭೆ. ಅವರ ಕ್ಲಿನಿಕ್‌ನಲ್ಲಿ ಹೆರಿಗೆ ವಾರ್ಡಿಗೆ ಜನ ಬೇಕಂತೆ, ನಾನು ಕೆಲಸ ಮಾಡುವುದು ಅಲ್ಲಿಯವರೇ ಆದ ಒಬ್ಬ ಹಿರಿಯ ನರ್ಸ್ ಕೈಕೆಳಗೆ. ಯೇಸುವಿನ ಮೇಲಿನ ನಂಬಿಕೆಯಿಂದಲೇ ಹೋಗುತ್ತಿದ್ದೇನೆ, ಅದನ್ನು ಮುಚ್ಚಿಡಲ್ಲ. ಚಿಕ್ಕಂದಿನಿಂದ ಮನಸ್ಸಿನಲ್ಲಿ ಕೂತ ಆಸೆ ಇದು, ವಾದ ಮಾಡಿ ಗೆಲ್ಲಲು ನನಗೆ ಬರಲ್ಲ. ವಾಪಸ್ ಬಂದು ನಮ್ಮ ಕಡೆಯ ಪಿಎಚ್‌ಸಿಯಲ್ಲೇ ಕೆಲಸಕ್ಕೆ ಸೇರುವ ಯೋಚನೆಯೂ ಇದೆ. ಆದರೆ ಒಂದು ಮಾತು ಕೇಳಲಾ? ನನ್ನ ಬ್ಯಾಚಿನವರು ದುಬೈಗೆ, ಲಂಡನ್ನಿಗೆ ಹೋದಾಗ ಊರಿನವರೆಲ್ಲ ಮನೆಗೆ ಬಂದು ಸ್ವೀಟು ತಿಂದು ಹೋದರು. ಮಂಗನ ಕಾಯಿಲೆ ಇದೆ, ಇಲ್ಲೇ ಇರು ಅಂತ ಅವರಿಗೆ ಯಾರೂ ಹೇಳಲಿಲ್ಲ ಅಲ್ವಾ?

ತೀರ್ಥಹಳ್ಳಿ ಡಾಕ್ಟ್ರು:

ದುಬೈ ಮಾತು ಸರಿಯಾಗಿ ತಾಗಿತು. ನನ್ನ ಮಗನೇ ಹೊರದೇಶದಲ್ಲಿದ್ದಾನೆ.

ಹೋಗುವುದೇ ಖಾತ್ರಿ ಆದರೆ ಒಂದು ಸಲಹೆ. ಮಲೇರಿಯಾವನ್ನು ಮತ್ತೆ ಮೊದಲಿನಿಂದ ಓದಿ. ಸರೋವರದ ಸುತ್ತಮುತ್ತ ಅದು ವರ್ಷವಿಡೀ ಇರುತ್ತದೆ, ಅದರಲ್ಲೂ ಫಾಲ್ಸಿಪಾರಂ ಅನ್ನುವ ಅಪಾಯಕಾರಿ ಬಗೆ. ಮಕ್ಕಳಲ್ಲಿ ರಕ್ತ ಕಡಿಮೆಯಾಗಿ, ಫಿಟ್ಸ್ ಬಂದು, ಕೆಲವೇ ಗಂಟೆಗಳಲ್ಲಿ ಕೈಮೀರುತ್ತದೆ. ಗರ್ಭಿಣಿಯರಲ್ಲಿ ಇನ್ನೂ ಸೂಕ್ಷ್ಮ. ಸಿಕಲ್ ಸೆಲ್ ಕಾಯಿಲೆಯೂ ಆ ಭಾಗದಲ್ಲಿ ಜಾಸ್ತಿ, ಎಚ್‌ಐವಿಯೂ ಹಾಗೆ. ಹೆರಿಗೆ ವಾರ್ಡಿಗೆ ಹೋಗುವವರು ಇವನ್ನೆಲ್ಲ ಪುಸ್ತಕದಲ್ಲಾದರೂ ನೋಡಿಕೊಂಡು ಹೋಗಬೇಕು. ನಿಮ್ಮ ಆಸ್ಪತ್ರೆಯಲ್ಲಿ ಕೇಳಿ, ಸಾಧ್ಯವಾದರೆ ಈ ವರ್ಷ ಲೇಬರ್ ವಾರ್ಡಿಗೇ ಹಾಕಿಸಿಕೊಳ್ಳಿ. ನೀವೂ ಅಲ್ಲಿ ಸೊಳ್ಳೆಪರದೆ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ನಮಗೇನೂ ಆಗಲ್ಲ ಅನ್ನುವ ಧೈರ್ಯ ನರ್ಸ್‌ಗಳಿಗೂ ಡಾಕ್ಟರ್‌ಗಳಿಗೂ ಸ್ವಲ್ಪ ಜಾಸ್ತಿಯೇ.

ಭದ್ರಾವತಿ ಮೇಷ್ಟ್ರು:

ಮಗಳೇ, ನಿಮ್ಮ ಕೀನ್ಯಾಕ್ಕೂ ನಮ್ಮ ಕನ್ನಡ ನಾಡಿಗೂ ಒಂದು ಹಳೇ ನಂಟಿದೆ, ಗೊತ್ತಿರಲಿ ಅಂತ ಹೇಳುತ್ತೇನೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಗೊತ್ತಲ್ಲ, ಅದೇ ಬಾಸೆಲ್‌ನಲ್ಲಿ ತರಬೇತಿ ಪಡೆದ ಕ್ರಾಫ್ ಅನ್ನುವವರು ಬೇರೊಂದು ಸಂಘದ ಕಡೆಯಿಂದ 1844ರಲ್ಲಿ ಮೊಂಬಾಸಾಕ್ಕೆ ಹೋದರು. ಹೋಗಿ ಕೆಲವೇ ತಿಂಗಳಲ್ಲಿ ಹೆಂಡತಿ, ಆಗತಾನೇ ಹುಟ್ಟಿದ ಮಗು ಇಬ್ಬರೂ ತೀರಿಕೊಂಡರು. ಆದರೂ ಅಲ್ಲೇ ನಿಂತು ಸ್ವಾಹಿಲಿಗೆ ವ್ಯಾಕರಣ, ನಿಘಂಟು ಮಾಡಿದರು. ನಿಘಂಟು ಅಚ್ಚಾಗಿದ್ದು 1882ರಲ್ಲಿ, ಅವರು ತೀರಿಕೊಂಡ ಮರುವರ್ಷ. ಅದೇ ಬಾಸೆಲ್‌ನಿಂದ 1853ರಲ್ಲಿ ನಮ್ಮಲ್ಲಿಗೆ ಬಂದ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರದು. ಇಬ್ಬರೂ ಎಷ್ಟು ಉಪದೇಶ ಮಾಡಿದರೋ, ಅದನ್ನು ಈಗ ಯಾರೂ ನೆನೆಯುವುದಿಲ್ಲ, ನಿಘಂಟು ಮಾತ್ರ ಇವತ್ತಿಗೂ ಮೇಜಿನ ಮೇಲಿದೆ. ಸಾಗರದವರು ಅಜ್ಜಿಯರ ಬಾಯಿಂದ ಕಲಿ ಅಂದಿದ್ದು ನೂರಕ್ಕೆ ನೂರು ಸರಿ.

ಈಗ ಹಣದ ಮಾತು. ಇದರ ಬಗ್ಗೆ ನಮ್ಮವರು ಬಾಯಿ ಬಿಡುವುದೇ ಇಲ್ಲ, ಆಮೇಲೆ ಜಗಳ. ಸಭೆಯ ಸುಗ್ಗಿ ಹಬ್ಬದ ಹರಾಜು ನೋಡಿದ್ದೀರಿ. ಒಬ್ಬರು ಬಾಳೆಗೊನೆಯನ್ನು 500ಕ್ಕೆ ಕೂಗಿ ತಗೊಂಡು "ಮತ್ತೆ ಹರಾಜಿಗೆ ಇಡಿ" ಅಂತ ವಾಪಸ್ ಕೊಡುತ್ತಾರೆ. ಇನ್ನೊಬ್ಬರು 800ಕ್ಕೆ ತಗೊಂಡು ಅವರೂ ವಾಪಸ್. ಕೋಳಿ, ಹಲಸಿನಕಾಯಿ, ಯಾರೋ ಮಾಡಿ ತಂದ ಕೇಕು ಎಲ್ಲವೂ ಹೀಗೇ ಕೈಯಿಂದ ಕೈಗೆ ಹೋಗಿ, ಸಂಜೆ ಹೊತ್ತಿಗೆ ಆ ಗೊನೆ ಪಾಲಕರ (ಸಭೆಯ ಪಾಸ್ಟರ್) ಅಡುಗೆಮನೆಯಲ್ಲಿ ಇರುತ್ತದೆ. ಆ ಉತ್ಸಾಹದಲ್ಲಿ ಯಾರಾದರೂ ಎದ್ದು "ಈ ಸಲದ ದುಡ್ಡು ನಮ್ಮ ಮಿಷನರಿ ಹುಡುಗಿಗೆ" ಅಂತ ಘೋಷಿಸಿಬಿಡುತ್ತಾರೆ, ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. ಆದರೆ ನೋಂದಣಿಯಾದ ಟ್ರಸ್ಟಿಗೆ ಆದಾಯ ತೆರಿಗೆ ವಿನಾಯಿತಿ ಇರುವುದು ಭಾರತದ ಒಳಗೆ ಮಾಡುವ ಖರ್ಚಿಗೆ. ಹೊರದೇಶದ ಖರ್ಚಿಗೆ ಆ ಹಣ ಹಾಕಿದರೆ ವಿನಾಯಿತಿಗೆ ಕುತ್ತು, ಮೊದಲೇ ಸಿಬಿಡಿಟಿ, ಅಂದರೆ ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಆದ್ದರಿಂದ ಘೋಷಣೆಗೆ ಮುಂಚೆ ಖಜಾಂಚಿಯವರನ್ನು ಕರೆದುಕೊಂಡು ಆಡಿಟರ್ ಹತ್ತಿರ ಹೋಗಿ. ಇಲ್ಲಿಯ ತರಬೇತಿ, ಓಡಾಟ, ಲಸಿಕೆಗೆ ಸಭೆ ಏನು ಕೊಡಬಹುದು, ಅಲ್ಲಿಯ ಖರ್ಚಿಗೆ ಯಾರು ತಮ್ಮ ಕೈಯಿಂದ ಕೊಡುತ್ತಾರೆ, ಎರಡನ್ನೂ ಬೇರೆ ಬೇರೆ ಬರೆದಿಡಿ.

ಪ್ರಾರ್ಥನಾ ಪತ್ರ ಬಿಡಬೇಡಿ. ಒಂದೇ ಪುಟ ಸಾಕು, ದೊಡ್ಡ ದೊಡ್ಡ ವಚನ ಬೇಡ, ಏನಾಯಿತು ಅನ್ನುವುದನ್ನು ಬರೆಯಿರಿ. ಅಡಿಕೆ ಸುಲಿದು ಬಂದ ದುಡ್ಡಿನಲ್ಲಿ ನೂರು ರೂಪಾಯಿ ಕೊಡುವ ಅಜ್ಜಿಗೂ ಆ ಪತ್ರವನ್ನು ಯಾರಾದರೂ ಓದಿ ಹೇಳುವ ವ್ಯವಸ್ಥೆ ಮಾಡಿ ಹೋಗಿ. ಅವಳು ಕೇಳುವುದು ಒಂದೇ, ಹುಡುಗಿ ಊಟ ಮಾಡುತ್ತಾಳಾ ಅಂತ.

ಕೊಪ್ಪದ ಕಾಫಿ:

ನಾವು ಕೊಂಕಣಿ ಕ್ಯಾಥೊಲಿಕರು, ನಮ್ಮ ದಾರಿ ಬೇರೆ. ನನ್ನ ಅಕ್ಕ ಸಿಸ್ಟರ್ (ಸನ್ಯಾಸಿನಿ) ಆಗಿ ಈಗ ಆಫ್ರಿಕಾದಲ್ಲೇ ಇದ್ದಾರೆ. ಅವರಿಗೆ ದುಡ್ಡು ಹುಡುಕುವ ತಲೆನೋವು ಇರಲಿಲ್ಲ, ಅದನ್ನು ಅವರ ಸನ್ಯಾಸಿನಿಯರ ಸಭೆ ನೋಡಿಕೊಳ್ಳುತ್ತದೆ. ಬದಲಿಗೆ ಎಲ್ಲಿಗೆ, ಯಾವಾಗ, ಯಾರ ಜೊತೆ ಅನ್ನುವುದು ಅವರ ಕೈಯಲ್ಲಿ ಇರಲಿಲ್ಲ. ನೊವಿಷಿಯೇಟ್‌ನಲ್ಲಿ, ಅಂದರೆ ಸಿಸ್ಟರ್ ಆಗುವ ಮುಂಚಿನ ತರಬೇತಿಯಲ್ಲಿ, ಗಂಟೆ ಹೊಡೆದರೆ ಏಳಬೇಕು, ಪೂಜೆ, ಮೌನ, ಹಟ್ಟಿ ಕೆಲಸ, ಪಾಯಿಖಾನೆ ತೊಳೆಯುವುದು. ರಜೆಯಲ್ಲಿ ಬಂದಾಗ ಒಮ್ಮೆ ಕೇಳಿದ್ದೆ, ಯಾವುದು ಕಷ್ಟ ಅಂತ. ಬೇರೆ ದೇಶ ಏನೂ ಕಷ್ಟ ಅಲ್ಲ ಮಾರಾಯ್ತಿ, ಬೆಳಗ್ಗೆ ಜಗಳ ಆಡಿದವಳ ಜೊತೆಯೇ ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ ಮಾಡುವುದು ಕಷ್ಟ ಅಂದರು. ನಿಮಗೆ ರೂಮಿನಲ್ಲಿ ಇಬ್ಬರು ಗೆಳತಿಯರು ಇದ್ದಾರಲ್ಲ. ಸಿಂಕಿನಲ್ಲಿ ಬಿಟ್ಟ ಪಾತ್ರೆ ಯಾರದು ಅನ್ನುವ ಮಾತು ಬಂದಾಗ ನೀವು ಏನು ಮಾಡುತ್ತೀರಿ ನೋಡಿಕೊಳ್ಳಿ.

ಅಮ್ಮನ ವಿಷಯ. ಕೀನ್ಯಾ ನಮಗಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಒಂಬತ್ತಾದಾಗ ಅಲ್ಲಿ ಆರೂವರೆ, ಆ ಹೊತ್ತಿಗೆ ದಿನಾ ಫೋನ್ ಅಂತ ಈಗಲೇ ಗೊತ್ತು ಮಾಡಿ. ಅಪ್ಪನ ಹತ್ತಿರ ಪಾಲಕರನ್ನು ಮಾತ್ರ ಕಳಿಸಬೇಡಿ. ನಮ್ಮ ಮನೆಗೆ ಫಾದರ್ ಬಂದು ಬುದ್ಧಿ ಹೇಳಿದ ದಿನವೇ ಅಪ್ಪ ಇನ್ನೂ ಗಟ್ಟಿಯಾಗಿ ಕೂತದ್ದು. ಅಲ್ಲಿ ಹೋಗಿ ಸಾಮಾನ್ಯವಾಗಿ ಬದುಕಿ ಬಂದ ಯಾರಾದರೂ ಮಾತಾಡಿದರೆ ಒಳ್ಳೆಯದು.

ಕಾಗದಪತ್ರದವನು:

ಇಂಥವರನ್ನು ಕಳಿಸುವ ಕಡೆ ಫೈಲ್ ನೋಡುತ್ತಿದ್ದೆ, ಅದಕ್ಕೇ ಬರೀ ಕಾಗದದ ಮಾತು.

ಕೀನ್ಯಾ 2024ರ ಜನವರಿಯಿಂದ ವೀಸಾ ತೆಗೆದು ಇಟಿಎ (ಆನ್‌ಲೈನ್ ಪ್ರಯಾಣ ಅನುಮತಿ) ಅಂತ ಮಾಡಿದೆ. ಅದು ಸಿಕ್ಕಿತು ಅಂತ ಹೊರಟುಬಿಡಬೇಡಿ, ಅದರ ಮೇಲೆ ಹೋಗಿ ಕೆಲಸ ಮಾಡುವಂತಿಲ್ಲ. ಮಿಷನ್ ಕೆಲಸಕ್ಕೆ ಕ್ಲಾಸ್ ಐ ಪರ್ಮಿಟ್ ಬೇಕು, ಅದು ಅಲ್ಲಿ ಸರ್ಕಾರದ ಮಾನ್ಯತೆ ಇರುವ ಮಿಷನ್ ಸಂಸ್ಥೆಗೆ ಸೇರಿದವರಿಗೆ ಕೊಡುವಂಥದ್ದು. ನರ್ಸ್ ಆಗಿ ಕೈಗೆ ಗ್ಲೌಸ್ ಹಾಕಬೇಕಾದರೆ ಕೀನ್ಯಾದ ನರ್ಸಿಂಗ್ ಕೌನ್ಸಿಲ್ ನೋಂದಣಿಯೂ ಬೇಕು. ಅದಕ್ಕೆ ನಮ್ಮ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಿಂದ ಕಾಗದ ತರಿಸಲು ಈಗಲೇ ಅರ್ಜಿ ಹಾಕಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಮೂಲಕ ಆಗುತ್ತದೆ.

ಹಳದಿ ಜ್ವರದ ಲಸಿಕೆ ಯಾವ ಕ್ಲಿನಿಕ್‌ನಲ್ಲಿ ಹಾಕಿಸಿದರೂ ನಡೆಯಲ್ಲ, ಸರ್ಕಾರ ಅಧಿಕೃತ ಮಾಡಿದ ಕೇಂದ್ರದಲ್ಲೇ ಆಗಬೇಕು. ಬೆಳಗಿನ ಜನಶತಾಬ್ದಿಯಲ್ಲಿ ಬೆಂಗಳೂರಿಗೆ ಹೋಗಿ ಅದೇ ದಿನ ವಾಪಸ್ ಬರಬಹುದು, ಆದರೆ ಅಪಾಯಿಂಟ್‌ಮೆಂಟ್ ಮೊದಲೇ ತಗೊಳ್ಳಿ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು. ಒಂದು ಸಲ ಹಾಕಿಸಿದರೆ ಜೀವಮಾನಕ್ಕೆ ಸಾಕು. ಹೋಗುವಾಗ ಯಾರೂ ಕೇಳದಿದ್ದರೂ ವಾಪಸ್ ಬರುವಾಗ ನಮ್ಮ ಏರ್‌ಪೋರ್ಟಿನಲ್ಲಿ ಆ ಲಸಿಕೆಯ ಹಳದಿ ಕಾರ್ಡು ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಕ್ವಾರಂಟೈನ್. ಮೊಟ್ಟೆ ಅಲರ್ಜಿ ಇದ್ದರೆ ಮೊದಲೇ ಹೇಳಿ.

ಕೊನೆಗೆ ಒಂದು. ನಿಮ್ಮನ್ನು ಕರೆದ ಸಭೆ ಯಾವುದಕ್ಕೆ ಸೇರಿದ್ದು, ಅದರ ಮೇಲೆ ಯಾರಿದ್ದಾರೆ, ನಿಮಗೆ ಏನಾದರೂ ತೊಂದರೆ ಆದರೆ ಆ ಕ್ಲಿನಿಕ್‌ನವರನ್ನು ಬಿಟ್ಟು ಇನ್ನು ಯಾರಿಗೆ ಫೋನ್ ಮಾಡಬಹುದು, ಇವನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. 2023ರಲ್ಲಿ ಅಲ್ಲಿನ ಶಕಹೋಲಾ ಕಾಡಿನಲ್ಲಿ ಒಬ್ಬ ಪಾಸ್ಟರ್ ಮಾತು ಕೇಳಿ ಉಪವಾಸ ಕೂತು ಸತ್ತವರ 400ಕ್ಕೂ ಹೆಚ್ಚು ಶವ ಸಿಕ್ಕಿತು. ನಿಮ್ಮವರು ಹಾಗೆ ಅಂತಲ್ಲ. ಆದರೆ ದೇವರ ಹೆಸರು ಇದ್ದ ಕಡೆ ನಾವು ಪ್ರಶ್ನೆ ಕೇಳುವುದನ್ನೇ ಬಿಡುತ್ತೇವೆ, ಅದು ಇಲ್ಲೂ ಅಷ್ಟೇ, ಅಲ್ಲೂ ಅಷ್ಟೇ.

ಹೊಸನಗರದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಡ್ಯೂಟಿ ಬಿಡಲ್ಲ. ಲೇಬರ್ ವಾರ್ಡ್ ಕೇಳಿದ್ದೇನೆ, ನೋಡೋಣ ಅಂದಿದ್ದಾರೆ ಇನ್‌ಚಾರ್ಜ್ ಸಿಸ್ಟರ್. ಮನೆ ಪ್ರಾರ್ಥನೆಗೆ ಹೋಗುತ್ತೇನೆ, ಮಾತಾಡಲ್ಲ ಅಂತ ಪಾಲಕರಿಗೆ ಹೇಳಿಯಾಯಿತು, ಅವರು ನಕ್ಕು ಸರಿ ಅಂದರು. ಸಂಡೇ ಸ್ಕೂಲನ್ನು ನನ್ನ ಗೆಳತಿಗೆ ವಹಿಸುತ್ತಿದ್ದೇನೆ. ಕ್ವಾಯರ್ ಮಾತ್ರ ಬಿಡಲ್ಲ. ಅದು ಯಾವ ತಯಾರಿಗೂ ಅಲ್ಲ, ಸುಮ್ನೆ ನನಗೆ ಇಷ್ಟ. ಸಿಂಕಿನ ಪಾತ್ರೆ ನನ್ನದೇ ಅಂತ ಗೆಳತಿಯರು ಇಲ್ಲೇ ಪಕ್ಕದಲ್ಲಿ ಕೂತು ಹೇಳುತ್ತಿದ್ದಾರೆ.

ಅಲ್ಲಿನ ಸಭೆಗೆ ಇವತ್ತೇ ಮೇಲ್ ಹಾಕಿ ಕಾಗದ ಕೇಳಿದ್ದೇನೆ. ಸಾಗರದಣ್ಣ, ಒಂದು ಉಪಕಾರ. ನಮ್ಮಪ್ಪನ ಹತ್ತಿರ ಒಂದು ಸಲ ಫೋನಿನಲ್ಲಿ ಮಾತಾಡುತ್ತೀರಾ? ಮಿಷನ್, ದೇವರ ಕರೆ ಅಂತ ಶುರು ಮಾಡಿದರೆ ಫೋನ್ ಇಟ್ಟುಬಿಡುತ್ತಾರೆ.

ಸಾಗರದಣ್ಣ:

ನಂಬರ್ ಮೆಸೇಜ್ ಮಾಡು. ಭಾನುವಾರ ಮಧ್ಯಾಹ್ನ ಮಾಡುತ್ತೇನೆ. ಅಡಿಕೆ ರೇಟಿನಿಂದ ಶುರು ಮಾಡಿ, ಕೊಳೆರೋಗಕ್ಕೆ ಬಂದು, ಆಮೇಲೆ ಮೆಲ್ಲಗೆ ಕಿಸುಮುಗೆ ಹೋಗುತ್ತೇನೆ. ನಿಮ್ಮ ತೋಟಕ್ಕೆ ಈ ವರ್ಷ ಕೊಳೆರೋಗದ ಬೋರ್ಡೋ ಔಷಧಿ ಹೊಡೆಸಿದ್ದಾರಾ ಇಲ್ವಾ, ಅದೊಂದು ಮೊದಲೇ ತಿಳಿಸು.